ಫೆಲಿಕ್ಸ್‌ನ ಕೊನೆಯ ಆಟ

ರೀ,

ನೀವು ತೀರಿಕೊಂಡು ಏಳು ತಿಂಗಳಾಯಿತು. ನಿನ್ನೆ ನಿಮ್ಮ ಫೆಲಿಕ್ಸ್ ಸಿಯಾಟಲ್ ಪರವಾಗಿ ಕೊನೆಯ ಸಲ ಚೆಂಡು ಎಸೆದ. ನಾನೂ ಮಗಳೂ ಬೇಸ್‌ಬಾಲ್ ಸ್ಟೇಡಿಯಂಗೆ ಹೋಗಿದ್ದೆವು. "ಗ್ರಿಫಿ ಹೋದ, ಇಚಿರೊ ಹೋದ, ಯಾವಾಗ್ಲೂ ಸೋಲೋ ಈ ಟೀಮಲ್ಲಿ ಇವನೊಬ್ಬ ಉಳ್ಕೊಂಡ ನೋಡೇ" ಎನ್ನುತ್ತಿದ್ದಿರಿ. ಅವನು ಅಳುತ್ತ ಹೊರಟಾಗ ಎಲ್ಲರೂ ಎದ್ದು ನಿಂತರು.

ಮೈತ್ರಿ ನಿಮ್ಮ ಪರ್ಸಿನಲ್ಲಿ ಸಿಕ್ಕ ಹಳೆಯ ಟಿಕೆಟ್ ತೋರಿಸಿದಳು. 2012ರ ಆಗಸ್ಟ್ ಹದಿನೈದು, ಅವನು ಎದುರಾಳಿಗಳಲ್ಲಿ ಒಬ್ಬರಿಗೂ ಮೊದಲ ಬೇಸ್ ಮುಟ್ಟಲು ಬಿಡದೆ ದಾಖಲೆ ಮಾಡಿದ ದಿನ. ಅಂದು ನಾನು ಹಟ ಮಾಡಿ ನಿಮ್ಮನ್ನು ಸಮಾಮಿಶ್‌ಗೆ, ನಮ್ಮವರ ಧ್ವಜಾರೋಹಣಕ್ಕೆ ಎಳೆದೊಯ್ದಿದ್ದೆ. ಊಟದ ನಡುವೆ ಫೋನಿನಲ್ಲಿ ಸ್ಕೋರ್ ನೋಡಿದ ನೀವು, "ಪಾಯಸ ಚೆನ್ನಾಗಿದೆ ಕಣೇ" ಎಂದಿರಿ, ಅಷ್ಟೇ.

"ಅಪ್ಪ ವಾಸ್ ಹಿಯರ್ ದಟ್ ಡೇ, ರೈಟ್?" ಎಂದು ಮೈತ್ರಿ ಕೇಳಿದಳು.

"ಹೂಂ, ಬಂದಿದ್ರು" ಎಂದೆ.