ಬಲಗಡೆಯ ಜಾಗ

ಶನಿವಾರ, ಮಧ್ಯಾಹ್ನ
ಬೇಕರಿಯ ಹಿಂದಿನ ಕೋಣೆ

ನನ್ನ ಕೋಚಮ್ಮನಿಗೆ ನಿನ್ನ ಬ್ರೆಡ್ಡಪ್ಪ ಮಾಡುವ ನಮಸ್ಕಾರ.

ನಾನು ಕ್ಷೇಮ. ಒಲೆ ಕ್ಷೇಮ. ಬೆಕ್ಕು ಮಾತ್ರ ನಿನ್ನ ಹಳೆಯ ಬೂಟಿನ ಮೇಲೆ ತಲೆಯಿಟ್ಟು ಮಲಗುವುದನ್ನು ಇನ್ನೂ ಬಿಟ್ಟಿಲ್ಲ. ಇವನು ಕಾಗದ ಬರೆಯುವುದನ್ನು ಯಾವಾಗ ಕಲಿತ ಎಂದು ನಗಬೇಡ. ಈ ಒಂದು ವರ್ಷದಿಂದ ಫೋನಿನಲ್ಲಿ ನಾವಿಬ್ಬರೂ ಹವಾಮಾನ ವರದಿ ಓದುವವರ ಹಾಗೆ ಮಾತಾಡುತ್ತಿದ್ದೇವೆ. ಅಲ್ಲಿ ಮೋಡವಂತೆ, ಇಲ್ಲಿ ಬಿಸಿಲಂತೆ. ನಾಳೆ ನಿನ್ನ ರಗ್ಬಿ ತಂಡದ ಫೈನಲ್ ಎಂಬುದನ್ನೂ, ಪಂದ್ಯ ಮುಗಿದ ಕೂಡಲೇ ಆ ಊರಲ್ಲಿ ಇನ್ನೂ ಮೂರು ವರ್ಷ ಇರುತ್ತೀಯೋ ಮನೆಗೆ ಬರುತ್ತೀಯೋ ಎಂದು ಅಲ್ಲಿಯವರಿಗೆ ಉತ್ತರ ಕೊಡಬೇಕು ಎಂಬುದನ್ನೂ ನಾನು ನಿಮ್ಮಮ್ಮನಿಂದ ತಿಳಿಯಬೇಕಾಯಿತು. ಇರಲಿ, ಗಂಡನ ಹಣೆಬರಹ.

ಪಂದ್ಯ ನೋಡಲು ಗಂಡ ಬರುತ್ತಾನೆಂದು ಎದುರು ನೋಡಬೇಡ. ಭಾನುವಾರದ ಬ್ರೆಡ್ ಯಾರು ಬೇಯಿಸುತ್ತಾರೆ? ಬ್ರೆಡ್ ಉಬ್ಬಿಸುವ ಹುದುಗಿನ ಜಾಡಿಗೆ ದಿನಾ ಹಿಟ್ಟು, ನೀರು ಯಾರು ಹಾಕುತ್ತಾರೆ? ಅಪ್ಪನ ಕಾಲದಿಂದ ಒಂದು ದಿನವೂ ಉಪವಾಸ ಬೀಳದ ಹುದುಗು ಅದು. ಆ ಜಾಡಿ ಎಲ್ಲಿದೆಯೋ ಅಲ್ಲೇ ಬೇಕರಿ, ಉಳಿದದ್ದೆಲ್ಲ ಬರೀ ಇಟ್ಟಿಗೆ ಎನ್ನುತ್ತಿದ್ದರು ಅಪ್ಪ. ಅದು ಈ ಹೊಸ್ತಿಲು ದಾಟಿದ್ದೇ ಇಲ್ಲ. ಅದನ್ನು ಬಿಟ್ಟು ನಾನೂ ಒಂದು ರಾತ್ರಿ ಬೇರೆ ಕಡೆ ಮಲಗಿದವನಲ್ಲ.

ಇವತ್ತು ಹಿಟ್ಟಿನ ಚೀಲಗಳ ಮೇಲೆ ಹಾಗೇ ಜೊಂಪು ಹತ್ತಿತ್ತು. ಮತ್ತೆ ಅದೇ ಕನಸು. ಮೈದಾನವೆಲ್ಲ ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗಿದೆ. ಗೆರೆಗಳಿಲ್ಲ, ಜನರಿಲ್ಲ, ಸದ್ದಿಲ್ಲ. ನೀನು ಚೆಂಡನ್ನು ಎದೆಗೊತ್ತಿಕೊಂಡು ಓಡುತ್ತಿದ್ದೀಯ, ಎರಡು ಮಂಡಿಗಳೂ ನೆಟ್ಟಗಿವೆ. ನಾನು ಹಿಂದೆ ತೇಲಿಕೊಂಡು ಬರುತ್ತಿದ್ದೇನೆ, ಕಾಲು ನೆಲಕ್ಕೆ ತಾಗುತ್ತಲೇ ಇಲ್ಲ. ನೀನು ತಿರುಗಿ ನೋಡದೆ ಚೆಂಡನ್ನು ಹಿಂದಕ್ಕೆ ಬಿಡುತ್ತೀಯ. ನನ್ನ ಎರಡೂ ಕೈಗೆ ಹಿಟ್ಟು ಮೆತ್ತಿಕೊಂಡಿದೆ. ಚೆಂಡು ಬೀಳುತ್ತದೆ, ಬೆಳ್ಳನೆಯ ಧೂಳೇಳುತ್ತದೆ, ನಿನ್ನ ಬೆನ್ನು ಅದರೊಳಗೆ ಮೆಲ್ಲಗೆ ಕರಗಿಹೋಗುತ್ತದೆ. ಎಚ್ಚರವಾದಾಗ ಮೂಗಿನ ತುಂಬ ಹಿಟ್ಟು. ಸೀನಿದ್ದಕ್ಕೆ ಬೆಕ್ಕು ಬೂಟು ಬಿಟ್ಟು ಓಡಿತು.

ನಿನ್ನನ್ನು ಮೊದಲು ನೋಡಿದ್ದೂ ಅರ್ಧ ಕನಸಿನಂತೆಯೇ. ಬಾಗಿಲು ಹಾಕುವ ಹೊತ್ತಿಗೆ, ಅಡಿಯಿಂದ ಮುಡಿಯವರೆಗೆ ಕೆಸರಾದ ಹುಡುಗಿಯೊಬ್ಬಳು ಬಂದು ಉಳಿದಿರುವ ಬನ್ನೆಲ್ಲ ಕೊಡಿ ಅಂದಳು. ನಿಂತಲ್ಲೇ ತಿಂದಳು. ಆ ಕೆಸರಿನ ಹೆಜ್ಜೆಗಳನ್ನು ನಾನು ಮರುದಿನವೂ ಒರೆಸಲಿಲ್ಲ. ನಿನ್ನ ಆಟ ನೋಡಲು ಬಂದವನಿಗೆ ಅದು ಆಟವೋ ಹೊಡೆದಾಟವೋ ತಿಳಿಯಲಿಲ್ಲ. ಎರಡೂ ಕಡೆಯ ಎಂಟೆಂಟು ಮಂದಿ ಹೆಗಲಿಗೆ ಹೆಗಲು ಬಿಗಿದು, ತಲೆಗೆ ತಲೆ ಸಿಕ್ಕಿಸಿ ಒಬ್ಬರನ್ನೊಬ್ಬರು ನೂಕುತ್ತಿದ್ದಿರಿ. ಇದಕ್ಕೆ ಸ್ಕ್ರಮ್ ಅನ್ನುತ್ತಾರೆಂದೂ, ಮುಂದಿನ ಸಾಲಿನಲ್ಲಿ ನೀನಿದ್ದರೆ ಎದುರಿನವರು ದೇವರನ್ನು ನೆನೆಯುತ್ತಾರೆಂದೂ ಪಕ್ಕದವರು ಹೇಳಿದರು. ನಿನ್ನನ್ನು ಗೂಳಿ ಎಂದು ಕರೆಯುತ್ತಿದ್ದರು. ವರ್ಷಗಟ್ಟಲೆ ಹಾಗೆ ಉಜ್ಜಿ ಉಜ್ಜಿ ನಿನ್ನ ಎಡಗಿವಿ ಸರಿಯಾಗಿ ಬೇಯದ ಬನ್ನಿನ ಹಾಗೆ ಉಬ್ಬಿಕೊಂಡಿತು, ಕೇಳುವುದನ್ನೂ ಬಿಟ್ಟಿತು. ಅಂದಿನಿಂದ ನಾವು ಎಲ್ಲಿ ಕೂತರೂ ನನ್ನ ಜಾಗ ನಿನ್ನ ಬಲಗಡೆಗೇ.

ಮಂಡಿ ಮುರಿದು ಆಟ ಮುಗಿದಾಗ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟೆಯಲ್ಲ, ಆಗ ನನಗೆ ನಿಜವಾಗಿ ಹೆದರಿಕೆಯಾಗಿತ್ತು. ನಿನ್ನನ್ನು ಎಬ್ಬಿಸಿದ್ದು ನಾನಲ್ಲ, ಪಕ್ಕದ ಶಾಲೆಯ ಹುಡುಗಿಯರು. ಹಿತ್ತಲಿನಲ್ಲಿ ನನ್ನ ಹಿಟ್ಟಿನ ಚೀಲಗಳನ್ನೇ ನೂಕಿಸಿ ಅವರಿಗೆ ಸ್ಕ್ರಮ್ ಕಲಿಸಿದೆ. ಎಷ್ಟು ಚೀಲ ಹರಿದವೋ! ನಿನ್ನ ಕೊರಳಿಗೆ ಸೀಟಿ ಬಂತು, ಮುಖಕ್ಕೆ ಕಳೆ ಬಂತು. ರಗ್ಬಿಯಲ್ಲಿ ಚೆಂಡನ್ನು ಮುಂದಕ್ಕೆ ಎಸೆಯುವ ಹಾಗಿಲ್ಲ, ಹಿಂದೆ ಬರುವವರ ಕೈಗೇ ಕೊಡಬೇಕು ಎಂದು ನೀನು ಹೇಳುವುದನ್ನು ಕಿಟಕಿಯಿಂದ ಕೇಳುತ್ತಿದ್ದೆ. ಹಿಂದಿನವರು ಸುಮ್ಮನೆ ಬಂದರೆ ಸಾಲದು ಅನ್ನುತ್ತಿದ್ದೆ ನೀನು. "ನಾನಿದ್ದೀನಿ ಅಂತ ಕೂಗ್ಬೇಕು. ಕೂಗದೇ ಇದ್ರೆ ಮುಂದಿರೋಳು ತಾನು ಒಬ್ಳೇ ಅನ್ಕೊಳ್ತಾಳೆ."

ಹೋದ ವರ್ಷ ಆ ಊರಿನವರು ತಮ್ಮ ಹುಡುಗಿಯರ ತಂಡಕ್ಕೆ ಕೋಚಾಗಿ ನಿನ್ನನ್ನು ಕರೆದರು. ಹೊರಡುವ ಹಿಂದಿನ ಸಂಜೆ ನೆನಪಿದೆಯೇ? ಗೋಡೆಗೆ ಬಣ್ಣ ಬಳಿಯುವವರು ಕುರ್ಚಿಗಳನ್ನೆಲ್ಲ ಅದಲುಬದಲು ಮಾಡಿಟ್ಟಿದ್ದರು. ನೀನು ಬಗ್ಗಿ ಬೂಟಿನ ಲೇಸು ಬಿಚ್ಚುತ್ತಿದ್ದೆ. ನಾನು ಪಕ್ಕದ ಕುರ್ಚಿಯಲ್ಲಿ ಕೂತು, ದಿನವೆಲ್ಲ ಬಾಯಲ್ಲೇ ಇಟ್ಟುಕೊಂಡಿದ್ದ ಮಾತನ್ನು ಮೆಲ್ಲಗೆ ಕೇಳಿದೆ. "ನಾನೂ ಬರ್ಲಾ?" ನೀನು ತಲೆ ಎತ್ತಲಿಲ್ಲ. ಲೇಸು ಬಿಚ್ಚಿ ಎದ್ದುಹೋದೆ. ಸರಿ, ಬೇಡ ಅಂತಾಯಿತು ಎಂದುಕೊಂಡು ನಾನು ವರ್ಷವಿಡೀ ಮುಖ ಊದಿಸಿಕೊಂಡಿದ್ದೆ.

ಮೊನ್ನೆ ಇದನ್ನೆಲ್ಲ ನಿಮ್ಮಮ್ಮನ ಮುಂದೆ ತೋಡಿಕೊಂಡೆ. ತನ್ನ ಗಂಡ ಒಂದು ಸಲವಾದರೂ ಬರುತ್ತೇನೆ ಅನ್ನಲಿಲ್ಲ ಎಂದು ನೀನು ಅವರ ಹತ್ತಿರ ಅತ್ತಿದ್ದೆಯಂತೆ. ಅವರಿಗೆ ತಲೆಬುಡ ತಿಳಿಯಲಿಲ್ಲ. ಅವತ್ತು ನಾನು ಎಲ್ಲಿ ಕೂತಿದ್ದೆ ಎಂದು ಕೇಳಿದರು. ಕುರ್ಚಿ ಎಳೆದು ತೋರಿಸಿದೆ. ಅತ್ತೆ ಹಣೆ ಚಚ್ಚಿಕೊಂಡರು. "ಎಡಗಡೆ ಕೂತು ಹೇಳಿದ್ರೆ ಗೋಡೆಗೆ ಹೇಳಿದ ಹಾಗಲ್ವೇ ಅಳಿಯಂದ್ರೇ?" ಕೋಣನ ಮುಂದೆ ಕಿನ್ನರಿ ಬಾರಿಸುವುದನ್ನು ಕೇಳಿದ್ದೇವೆ, ನಾನು ಗೂಳಿಯ ಎಡಗಿವಿಗೆ ಬಾರಿಸಿದ್ದೆ. ಮೊದಲು ನಗು ಬಂತು. ಆಮೇಲೆ ಬಂದ ಅಳುವನ್ನು ನಿಲ್ಲಿಸಲು ನನ್ನಿಂದ ಆಗಲಿಲ್ಲ. ಅತ್ತೆ ನೀರು ತಂದುಕೊಟ್ಟು ಒಳಗೆ ಹೋದರು.

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತೀಯೇನೋ. ಅನ್ನು. ನಾಳೆ ನಿನ್ನ ಮನಸ್ಸಿಗೆ ಬಂದ ಉತ್ತರವನ್ನೇ ಕೊಡು. ಆ ಹುಡುಗಿಯರನ್ನು ನಡುನೀರಿನಲ್ಲಿ ಬಿಟ್ಟು ಬಂದರೆ ನೀನು ಮತ್ತೆ ಗೋಡೆಯ ಕಡೆ ತಿರುಗಿ ಮಲಗುತ್ತೀಯ, ಅದು ನನಗೆ ಬೇಡ. ನನ್ನದೇನು, ಹಿಟ್ಟು ನಾದಿಕೊಂಡು, ಕನಸು ಕಂಡುಕೊಂಡು ಇರುತ್ತೇನೆ. ಮಂಡಿಗೆ ಬಿಸಿನೀರಿನ ಶಾಖ ಕೊಡುವುದನ್ನು ಮರೆಯಬೇಡ.

ಇಂತಿ ನಿನ್ನ,
ಬ್ರೆಡ್ಡಪ್ಪ

ತಾ.ಕ. (ಭಾನುವಾರ): ಲಕೋಟೆಯ ಮೇಲೆ ಅಂಚೆಚೀಟಿ ಇಲ್ಲದ್ದನ್ನು ನೋಡಿದೆಯಾ? ಇದನ್ನು ನಿನಗೆ ಕೊಟ್ಟವನು ನಿಮ್ಮ ಮೈದಾನದ ಗೇಟಿನವನು. ಪಂದ್ಯ ಮುಗಿಯುವವರೆಗೆ ಕೊಡಬೇಡಪ್ಪ ಎಂದು ಬೇಡಿಕೊಂಡಿದ್ದೆ. ಅವರಿಗೆ ಉತ್ತರ ಹೇಳುವ ಮುಂಚೆ ಒಂದು ಸಲ ನಿನ್ನ ಬಲಗಡೆ, ಜನ ಕೂರುವ ಮೆಟ್ಟಿಲುಗಳ ಕಡೆ ನೋಡು. ಅಂಗಡಿಯ ಬೀಗದ ಕೈಯನ್ನೂ ಬೆಕ್ಕನ್ನೂ ನಿಮ್ಮಮ್ಮನಿಗೆ ಒಪ್ಪಿಸಿ ಬಂದಿದ್ದೇನೆ. ನಾನಿದ್ದೀನಿ ಎಂದು ಕೂಗಬೇಕೆಂದಿದ್ದೇನೆ, ಇಷ್ಟು ಜನರ ನಡುವೆ ದನಿ ಏಳುತ್ತದೋ ಇಲ್ಲವೋ. ಏಳದಿದ್ದರೆ ನನ್ನ ತೊಡೆಯ ಮೇಲೆ ನೋಡು. ಜಾಡಿ ತಂದಿದ್ದೇನೆ.