ಕಾಂಪೌಂಡಿನಾಚೆಯ ಹುಣಸೆಮರ

ಭಾನುವಾರ, ಜೂನ್ ೧೪

ಪ್ರೀತಿಯ ಗೊಬ್ಬರ,

ಅರವತ್ತು ದಾಟಿದರೂ ಶಾಲೆಯ ಆ ಹೆಸರಿನಿಂದ ಕರೆಯದಿದ್ದರೆ ನನಗೆ ಕಾಗದ ಶುರುವೇ ಆಗುವುದಿಲ್ಲ. ಹೇಗಿದ್ದೀರಿ ಇಬ್ಬರೂ? ನಿನ್ನ ಕಾಗದ ಬಂದು ಮೂರು ವಾರವಾಯಿತು. ಬೈದುಕೋ, ತಪ್ಪು ನನ್ನದೇ. ಬಿರುಗಾಳಿ ಬಂದುಹೋದ ಮೇಲೆ ಅರ್ಧ ಊರಿನ ಪೈಪು ಒಡೆದಿದೆ. ಬೆಳಿಗ್ಗೆ ಸ್ಪ್ಯಾನರ್ ಹಿಡಿದು ಹೊರಟರೆ ಊಟಕ್ಕೂ ಪುರುಸೊತ್ತಿಲ್ಲ. ಇದು ಅರ್ಧ ನಿಜ. ಉತ್ತರ ಬರೆಯಲು ಕೂತಾಗಲೆಲ್ಲ ಕೈ ಓಡಲಿಲ್ಲ ಎಂಬುದು ಉಳಿದರ್ಧ.

ಹೊಸ ಮನೆಯ ಅಂಗಳದಲ್ಲಿ ಗಾಳಿಗೆ ಜಗ್ಗದ ಮರ ನೆಡಬೇಕೆಂದು ನಿನಗೆ ಆಸೆ. ಹಳೇ ಮನೆಯ ಮರ ಬಿದ್ದಾಗಿನಿಂದ ಮರ ಎಂದರೆ ನಿನ್ನ ಹೆಂಡತಿ, ಒಡಹುಟ್ಟದಿದ್ದರೂ ನನ್ನ ತಂಗಿ, ಮುಖ ತಿರುಗಿಸುತ್ತಾಳೆ. ಕೊನೆಗೆ, "ನಲ್ಲಿಯಣ್ಣ ನೆಡಿ ಅಂದ್ರೆ ನೆಡಿ, ಅವರ ಮಾತಿದ್ರೆ ಸಾಕು" ಅಂದಳಂತೆ. ಪ್ಲಂಬರ್ ಕೆಲಸದವನ ಮೇಲೆ ಎಂಥ ನಂಬಿಕೆ!

ಹಾಗಾದರೆ ಕೇಳು. ಕಾಂಪೌಂಡಿನಾಚೆಯ ನಿನ್ನ ಆ ಹುಣಸೆಮರದ ಪಕ್ಕ ಮೂವತ್ತು ವರ್ಷ ಬದುಕಿದವನು ನಾನು. ಅದರ ಎಲೆ ನನ್ನ ತಾರಸಿಯ ಕೊಳವೆಯಲ್ಲಿ ಕಟ್ಟಿಕೊಂಡು ಮಳೆ ಬಂದಾಗಲೆಲ್ಲ ಏಣಿ ಹತ್ತಿಸುತ್ತಿತ್ತು. ಕಾಗೆಗಳು ಬಿಳಿ ಬಟ್ಟೆಯನ್ನೇ ಹುಡುಕಿ ಹಿಕ್ಕೆ ಹಾಕುತ್ತಿದ್ದವು. "ಈ ಮರಕ್ಕೂ ನಂಗೂ ಯಾವ ಜನ್ಮದ ಹಗೆ ರೀ?" ಎಂದು ಗೊಣಗುತ್ತಲೇ ನನ್ನವಳು ಉದುರಿದ ಹಣ್ಣನ್ನು ಸೆರಗಿಗೆ ತುಂಬಿಕೊಳ್ಳುತ್ತಿದ್ದಳು. ಬೇರಂತೂ ನೀರಿನ ಜಾಡು ಹಿಡಿದು ಪೈಪಿನ ಸಂದಿಗೇ ನುಗ್ಗುತ್ತದೆ.

ಆದರೂ ಹುಣಸೆಯನ್ನೇ ನೆಡು. ಈ ಸಲ ಬೋಳು ಅಂಗಳದ ಮನೆಗಳ ಶೀಟುಗಳೆಲ್ಲ ಹಾರಿ ರಸ್ತೆಯಲ್ಲಿದ್ದವು. ಬೀದಿ ಕೊನೆಯ ನರ್ಸಮ್ಮನ ಮನೆ ಎರಡು ಹುಣಸೆಮರಗಳ ಮರೆಯಲ್ಲಿದೆಯಲ್ಲ, ಅಲ್ಲಿ ಒಂದು ಹೆಂಚೂ ಅಲುಗಿಲ್ಲ. ಕಿಟಕಿಯಿಂದ ನೋಡುತ್ತಲೇ ಇದ್ದೆ. ಕೊಂಬೆಗಳು ನೆಲದವರೆಗೆ ಬಾಗಿ ಮತ್ತೆ ಏಳುತ್ತಿದ್ದವು, ಬುಡ ಕದಲಲಿಲ್ಲ. "ನಮ್ಮನೆಗೆ ಬರೋ ಗಾಳಿ ಇವೆರಡನ್ನೂ ಕೇಳ್ಕೊಂಡೇ ಬರ್ಬೇಕು" ಎಂದು ನರ್ಸಮ್ಮ ನಕ್ಕರು.

ನಾವಿಬ್ಬರೂ ಮಧ್ಯಾಹ್ನ ಹರಟುತ್ತಿದ್ದ ಆ ಕಾಂಪೌಂಡಿನ ಮೇಲೆ ಈಗ ಬಿಸಿಲಿಗೆ ಕೂರಲಾಗುವುದಿಲ್ಲ. ನಿನ್ನ ನೆನಪು ತುಂಬ ಆಗುತ್ತದೆ ಕಣೋ.

ಗೋಡೆಯಿಂದ ಮೂವತ್ತಡಿ ದೂರ ನೆಡು. ಪೈಪನ್ನು ಆ ಕಡೆ ಹಾಯಿಸಬೇಡ. ಬೇರಿಗೆ ಯಾರೂ ಕೈ ಹಾಕದ ಹಾಗೆ ನೋಡಿಕೋ. ತಂಗಿಯ ಕೈನೋವು ಕಡಿಮೆಯಾಗಲಿ, ನೀವಿಬ್ಬರೂ ಆ ನೆರಳಲ್ಲಿ ಬಹಳ ಕಾಲ ಕೂರುವಂತಾಗಲಿ.

ನಿನ್ನ,
ನಲ್ಲಿ

ಇನ್ನೊಂದು ಮಾತು: ಕಾಗದವನ್ನು ಕವರಿಗೆ ಹಾಕಿದ್ದೆ. ನನ್ನವಳು ಹೊರತೆಗೆದು, "ಅದನ್ನೂ ಬರೀರಿ" ಎಂದು ಎದುರಿಗೇ ಕೂತಿದ್ದಾಳೆ.

ಮರ ಬಿದ್ದ ವರ್ಷದ ಬೇಸಿಗೆಯಲ್ಲಿ ನೀವು ಮಗಳ ಮನೆಗೆ ಹೋಗಿದ್ದಿರಿ. ನನ್ನ ಪೈಪು ಮೂರನೇ ಸಲ ಒಡೆದಿತ್ತು. ಸಿಟ್ಟಿನಲ್ಲಿ ನನ್ನ ಕಡೆಯಿಂದ ಕಾಂಪೌಂಡಿನ ಉದ್ದಕ್ಕೂ ಅಗೆದು, ತೊಡೆಗಾತ್ರದ ನಾಲ್ಕು ಬೇರು ಕಡಿದು, ಹೊಸ ಪೈಪು ಹಾಕಿ ಮಣ್ಣು ಮುಚ್ಚಿದೆ. ನೀನು ವಾಪಸು ಬಂದಾಗ ಹೇಳಲಿಲ್ಲ. ಮಳೆಗಾಲದಲ್ಲಿ ಗಾಳಿ ನನ್ನ ಕಡೆಯಿಂದಲೇ ಬೀಸಿತು. ಹಿಡಿದುಕೊಳ್ಳಲು ಮರಕ್ಕೆ ಈ ಕಡೆ ಏನೂ ಉಳಿದಿರಲಿಲ್ಲ. ನಿಮ್ಮ ಅಡುಗೆಮನೆಯ ಮೇಲೆ ಬಿತ್ತು. ತಂಗಿಯ ಬಲಗೈ ಮುರಿಯಿತು, ಮತ್ತೆ ನೆಟ್ಟಗಾಗಲಿಲ್ಲ.

"ಅವಳು ಹೇಳಿದಾಗ್ಲೇ ಕಡಿಸ್ಬೇಕಿತ್ತು, ನಂದೇ ತಪ್ಪು" ಎಂದು ಆಸ್ಪತ್ರೆಯ ಬೆಂಚಿನ ಮೇಲೆ ನೀನು ಅಳುತ್ತಿದ್ದೆ. ನಾನು ನಿನ್ನ ಬೆನ್ನು ಸವರುತ್ತ ಕೂತಿದ್ದೆ, ಬಾಯಿ ಬಿಡಲಿಲ್ಲ. ಆರು ವರ್ಷದಿಂದ ಅವಳು ನಿನ್ನನ್ನು ದೂರುತ್ತಾಳೆ, ನೀನು ತಲೆ ತಗ್ಗಿಸುತ್ತೀಯ. ಕ್ಷಮಿಸು ಎನ್ನಲು ನನಗೆ ಮುಖವಿಲ್ಲ.

ಈ ಪುಟವನ್ನು ನೀನೊಬ್ಬನೇ ಓದಿ ಹರಿದುಹಾಕಬೇಡ, ನಿನ್ನ ಬುದ್ಧಿ ನನಗೆ ಗೊತ್ತು. ತಂಗಿಗೆ ಗಟ್ಟಿಯಾಗಿ ಓದಿ ಹೇಳು. ನನ್ನ ಮಾತು ನಂಬಬೇಕೋ ಬೇಡವೋ, ಆಮೇಲೆ ಅವಳೇ ಹೇಳಲಿ. ಆ ಮರ ಗಾಳಿಗೆ ಬೀಳುವ ಮರವಾಗಿರಲಿಲ್ಲ ಕಣೋ.