ಬುಡದಲ್ಲಿ ಬರೆದ ಹೆಸರು

ಅಕ್ಟೋಬರ್ ೯, ನಮ್ಮೂರು ಆಕೊಮ

ಸಿಟ್ಟು ಇನ್ನೂ ಇಳಿದಿಲ್ಲ. ಮಣ್ಣು ಹೊತ್ತು ತಂದವಳು ನಾನು, ತೆಳ್ಳಗೆ ಗಡಿಗೆ ಎತ್ತಿದವಳು ಅಮ್ಮ. ಬುಡದಲ್ಲಿ ಮಾತ್ರ ಚಿತ್ತಾರ ಬರೆದ ತಮ್ಮ ಡೆಲ್ಬರ್ಟನ ಹೆಸರೊಂದೇ!

"ಜನ ಕೊಳ್ಳೋದು ಚಿತ್ತಾರ ಕಣಕ್ಕಾ, ಮಣ್ಣಲ್ಲ," ಅಂದ.

"ಹಾಗಾದ್ರೆ ಗಾಳಿ ಮೇಲೆ ಬರಕೋ ಹೋಗು," ಅಂದೆ.

ಅಮ್ಮ ತನ್ನ ಪಾಡಿಗೆ ಮಣ್ಣು ನಾದುತ್ತಲೇ ಇದ್ದಳು. ನನಗೆ ಅದೇ ಇನ್ನಷ್ಟು ಉರಿ.

ಸಂಜೆ, ಗಿರಾಕಿಗೆ ತೋರಿಸುವ ಆತುರಕ್ಕೆ, ಗಡಿಗೆ ಸುಡಲು ಹಾಕಿದ್ದ ಸಗಣಿ ಬೆಂಕಿ ಆರುವ ಮೊದಲೇ ಡೆಲ್ಬರ್ಟ್ ಅದನ್ನು ಹೊರಗೆಳೆದ. ತಣ್ಣನೆ ಗಾಳಿ ತಾಗಿ ಒಡೆದೇಹೋಯಿತು. ಹೆಸರಿದ್ದ ಬುಡವೊಂದೇ ಇಡಿಯಾಗಿ ಉಳಿಯಿತು. ಬಿಸಿ ಆರಿದ ಮೇಲೆ ಅದನ್ನು ಮೆಲ್ಲಗೆ ಜೇಬಿಗಿಳಿಸಲು ಹೋದ.

ಅಮ್ಮ ಕೈ ಚಾಚಿದಳು. "ತಾ ಇಲ್ಲಿ. ಒಡೆದಿದ್ದನ್ನ ಪುಡಿ ಮಾಡಿ ಮುಂದಿನ ಮಣ್ಣಿಗೆ ಸೇರಿಸ್ಬೇಕು."

ಉಳಿದ ಚೂರುಗಳನ್ನೆಲ್ಲ ನನ್ನ ಕಡೆ ತಳ್ಳಿದಳು. ಆ ಒಂದನ್ನು ಮಾತ್ರ ತಾನೇ ಅರೆದಳು, ನುಣ್ಣಗೆ ಹಿಟ್ಟಾಗುವವರೆಗೂ.